ಮೂರು ಬೆರಳು ನೊರೆ

ನೆಬ್ರಾಸ್ಕಾದ ನಮ್ಮೂರಿನ ಚೆಕ್ ವಲಸಿಗರ ಭವನದಲ್ಲಿ ಮೂವತ್ತೊಂದು ವರ್ಷದಿಂದ ಭಾನುವಾರದ ಬೀರು ಬಗ್ಗಿಸುವವರು ನಮ್ಮ ಮನೆಯವರು, ಲಾಡಿಮಿರ್. ಮನೆಯಲ್ಲಿ ಒಂದು ಲೋಟ ನೀರಿಗೂ ನನ್ನನ್ನೇ ಕೂಗುವ ಪುಣ್ಯಾತ್ಮರು, ಅಲ್ಲಿ ಪೀಪಾಯಿಯ ನಲ್ಲಿ ಹಿಡಿದರೆ ಮಾತ್ರ ಮೈಯೆಲ್ಲ ಭಕ್ತಿ. ಗಾಜಿನ ಮಗ್ಗನ್ನು ತಣ್ಣೀರಿನಲ್ಲಿ ಅದ್ದಬೇಕು, ಮೊದಲು ನೊರೆ ಬೀಳಬೇಕು, ನೊರೆಯ ಅಡಿಯಲ್ಲಿ ಬೀರು ತುಂಬಬೇಕು, ಮೇಲೆ ಮೂರು ಬೆರಳು ನೊರೆ ಗಟ್ಟಿಯಾಗಿ ನಿಲ್ಲಬೇಕು. ಮಾವನವರು ಕಲಿಸಿದ್ದು. ಒಂದು ಬೆರಳು ಆಚೀಚೆ ಆಗುವ ಹಾಗಿಲ್ಲ.

ನಮ್ಮೂರಿನವರು ಯಾರೂ ತಕರಾರು ಮಾಡಿದವರಲ್ಲ. ಆದರೆ ಈಚೆಗೆ ಒಮಾಹಾ ನಗರದಿಂದ ಕಾರು ಮಾಡಿಕೊಂಡು ಊಟಕ್ಕೆ ಬರುವವರು ಗೊಣಗತೊಡಗಿದರು. "ಇಷ್ಟೊಂದು ನೊರೇನಾ? ನಾವೇನು ಕ್ಷೌರ ಮಾಡಿಸ್ಕೊಳ್ಳೋಕೆ ಬಂದಿದೀವಾ?"

ಭವನದ ಅಧ್ಯಕ್ಷ ಎಮಿಲ್, ನನ್ನ ಒಡಹುಟ್ಟಿದ ತಮ್ಮ. ಅವನಿಗೆ ಲೋಕದಲ್ಲಿ ಇರುವುದು ಒಂದೇ ಮೋಹ, ಭವನದ ಪೋಲ್ಕಾ ಕುಣಿತದ ಮರದ ನೆಲ. ಪ್ರತಿ ಶನಿವಾರ ಮಂಡಿಯೂರಿ ಅದಕ್ಕೆ ಮೇಣ ತಿಕ್ಕುತ್ತಾನೆ. ಹೆಂಡತಿಯನ್ನೂ ಅಷ್ಟು ಮುತುವರ್ಜಿಯಿಂದ ನೋಡಿಕೊಂಡವನಲ್ಲ.

"ಭಾವ, ಈ ಭಾನುವಾರ ನಾನೂ ಒಂದು ನಲ್ಲಿ ಹಾಕ್ತೀನಿ," ಎಂದ. "ಬಾಯಿಮಟ್ಟ ತುಂಬಿಸಿ ಕೊಡ್ತೀನಿ. ಜನ ಯಾರ ಹತ್ರ ಜಾಸ್ತಿ ನಿಲ್ತಾರೋ, ಇನ್ಮೇಲೆ ಬೀರು ಅವರದೇ. ನೀವು ಸೋತ್ರೆ ಮನೇಲಿ ಆರಾಮಾಗಿ ಕೂತ್ಕೊಳ್ಳಿ."

ಇವರು ಮನೆಯಲ್ಲಿ ಕೂರುವುದೇ! ದಿನಕ್ಕೆ ಎಷ್ಟು ಲೋಟ ನೀರಾದೀತು ಎಂದು ಲೆಕ್ಕ ಹಾಕಿದೆ.

ಶನಿವಾರ ಮಧ್ಯಾಹ್ನ ಇವರು ತೊಳೆದ ಮಗ್ಗುಗಳನ್ನೇ ಮತ್ತೆ ತೊಳೆಯುತ್ತ ಕೂತಿದ್ದರು.

"ಏನ್ರೀ, ಅವನ್ನೇನು ಮದುವೆಗೆ ಕಳಿಸ್ತೀರಾ?" ಎಂದು ಕೆಣಕಿದೆ.

"ನಲ್ಲಿ ಹೋದ್ರೆ ನಾನೇನು ಮಾಡ್ಲಿ, ಆಲ್ಬೀನಾ?" ಎಂದರು. ಹಾಗೆ ಕೇಳಿದವರೇ ಅಲ್ಲ ಈ ಮನುಷ್ಯ. ನನಗೆ ಅಳು ಬಂತು. ಬಂದದ್ದನ್ನು ತೋರಿಸದೆ ಒಳಗೆ ಹೋದೆ.

ಭಾನುವಾರ ಹುರಿದ ಬಾತುಕೋಳಿ, ಹುಳಿ ಎಲೆಕೋಸು ಎಲ್ಲ ಸಿದ್ಧ. ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತು, ಕ್ನೆಡ್ಲೀಕಿ ಎಂಬ ಬೆಂದ ಹಿಟ್ಟಿನ ಉರುಳೆಗಳನ್ನು ದಾರ ಹಾಕಿ ಕತ್ತರಿಸುತ್ತಿದ್ದೆ. ಚಾಕು ಹಾಕಿದರೆ ಅವು ಮೆತ್ತಗೆ ಜಜ್ಜಿಹೋಗುತ್ತವೆ. ಕಣ್ಣೆಲ್ಲ ಹೊರಗೇ ಇತ್ತು. ಎಮಿಲನ ಮುಂದೆ ಬಾಗಿಲವರೆಗೂ ಸಾಲು. ಇವರ ಮುಂದೆ ಮೂವರು ಮುದುಕರು, ಅದರಲ್ಲಿ ಒಬ್ಬನಿಗೆ ಕಣ್ಣು ಕಾಣದು.

"ನೋಡಿದ್ಯಾ ಅಕ್ಕ?" ಎಮಿಲ್ ಅಲ್ಲಿಂದಲೇ ಕೂಗಿದ.

"ನೋಡ್ತಾ ಇದೀನಪ್ಪ, ಮಹಾರಾಜ!" ಎಂದೆ.

ಬೀರಿನ ನಲ್ಲಿಗಳು ಒಂದು ಮೂಲೆಗೆ, ಊಟದ ಮೇಜುಗಳು ಇನ್ನೊಂದು ಮೂಲೆಗೆ. ನಡುವೆ ಇರುವುದು ಎಮಿಲನ ನೆಲ. ಬಾಯಿಮಟ್ಟ ತುಂಬಿದ ಮಗ್ಗು ಹಿಡಿದು ಅದನ್ನು ದಾಟುವವರು ಹೆಜ್ಜೆಹೆಜ್ಜೆಗೂ ಚೆಲ್ಲಿಕೊಂಡು ಹೋದರು. ಅಷ್ಟರಲ್ಲಿ ಅಕಾರ್ಡಿಯನ್ ಶುರುವಾಯಿತು, ಜೋಡಿಗಳು ಕುಣಿಯಲು ಇಳಿದವು. ಪಚಕ್, ಪಚಕ್. ಬೂಟುಗಳು ಮೇಣಕ್ಕೆ ಅಂಟಿಕೊಂಡವು. ದಪ್ಪನೆಯ ಅಂಜೆಲ್ಕಾ ಸುತ್ತು ಹೊಡೆಯಲು ಹೋದಳು; ಅವಳು ಸುತ್ತಿದಳು, ಬೂಟು ಅಲ್ಲೇ ಉಳಿಯಿತು. ವಾದ್ಯ ನಿಂತೇಹೋಯಿತು.

"ಅಯ್ಯೋ ನನ್ನ ನೆಲ!" ಎಂದು ಎಮಿಲ್ ನಲ್ಲಿ ಬಿಟ್ಟು ಓಡಿಬಂದು, ಒದ್ದೆ ಬಟ್ಟೆ ಹಿಡಿದು ಮಂಡಿಯೂರಿದ.

ಆಗ ಆ ಕಣ್ಣು ಕಾಣದ ಮುದುಕ ಇವರು ಕೊಟ್ಟ ಮಗ್ಗು ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ತಟ್ಟುತ್ತ ನೆಲ ದಾಟಿದ. ಒಂದು ಹನಿ ಬೀಳಲಿಲ್ಲ. ಮೇಲೆ ಮೂರು ಬೆರಳು ನೊರೆ ಮುಚ್ಚಳದ ಹಾಗೆ ಕೂತಿತ್ತು. ಎಮಿಲ್ ಮಂಡಿಯೂರಿದಲ್ಲಿಂದಲೇ ಅದನ್ನು ನೋಡಿದ. ಎದ್ದು ತನ್ನ ಪೀಪಾಯಿಯನ್ನು ಉರುಳಿಸಿ ತಂದು ಇವರ ಪಕ್ಕ ನಿಲ್ಲಿಸಿದ.

"ಭಾವ, ಎರಡೂ ನೀವೇ ನೋಡ್ಕೊಳ್ಳಿ. ಮೊದ್ಲು ನನಗೊಂದು ಕೊಡಿ."

ಇವರು ಮಗ್ಗು ಅದ್ದಿದರು, ನೊರೆ ಬಿಟ್ಟರು, ಬೀರು ತುಂಬಿದರು. ಎಮಿಲ್ ಮಗ್ಗಿಗೆ ಬೆರಳಿಟ್ಟು ಅಳೆದ.

"ಇದು ನಾಲ್ಕು ಬೆರಳಿದೆ ಭಾವ."

"ಒಂದು ನಿನ್ನ ನೆಲಕ್ಕೆ," ಎಂದರು ನಮ್ಮ ಮನೆಯವರು.