ಸನ್ಮಾನ ಮೊದಲು, ಬೀಗ ಆಮೇಲೆ

ಬೆಳಗಿನಿಂದ ಕಂಡವರ ಮಕ್ಕಳ ಡೈಪರ್ ಬದಲಿಸಿ, ಸೋಪಿನಲ್ಲಿ ತೊಳೆದೂ ತೊಳೆದೂ ನಿಸರ್ಗಾಳ ಬೆರಳ ಸಂದುಗಳು ಬಿರಿದಿದ್ದವು. ಹಾಸನದ ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಅಮೆರಿಕದ ಸ್ಯಾನ್ ಹೊಸೆಯ ಡೇಕೇರೊಂದರಲ್ಲಿ ಆಯಾ ಆಗಿದ್ದಳು. ಸಂಜೆ ಬಸ್ಸು ಹತ್ತಿ, ಮಗಳು ಧಾತ್ರಿಯನ್ನು ಕಮ್ಯುನಿಟಿ ಕಾಲೇಜಿನ ಮಕ್ಕಳ ಕೇಂದ್ರದಲ್ಲಿ ಬಿಟ್ಟು, ಕ್ಲಾಸಿನಲ್ಲಿ ಕೂರುತ್ತಿದ್ದಳು. ಇನ್ನೊಂದು ವರ್ಷ ಏಗಿದರೆ ಟೀಚರ್ ಸರ್ಟಿಫಿಕೇಟು ಕೈಗೆ ಬರುತ್ತಿತ್ತು. ಓದುವ ತಾಯಂದಿರ ಮಕ್ಕಳನ್ನು ಪುಕ್ಕಟೆ ನೋಡಿಕೊಳ್ಳುವ ಆ ಕೇಂದ್ರ ಇಲ್ಲದಿದ್ದರೆ ಅವಳಿಗೆ ಓದೂ ಇಲ್ಲ.

ಆ ಕಾಲೇಜಿನ ಆಡಳಿತ ಮಂಡಳಿಗೆ ಜನರೇ ಓಟು ಹಾಕಿ ಸದಸ್ಯರನ್ನು ಆರಿಸುತ್ತಾರೆ. ಕಳೆದ ಬಾರಿ ಗೆದ್ದವನು ಸುಧನ್ವ. ಸಿರಿವಂತರ ಊರು ಸರಟೋಗಾದ ಗುಡ್ಡದ ಮೇಲೆ ಮನೆ. ತನ್ನನ್ನು ತಾನೇ ಶಿಕ್ಷಣದ ಹೋರಾಟಗಾರ ಎಂದು ಕರೆದುಕೊಳ್ಳುತ್ತಿದ್ದ, ಹೋರಾಡಿದ್ದನ್ನು ಕಂಡವರಿಲ್ಲ. ಪ್ರಚಾರಕ್ಕೆ ನಿಸರ್ಗಾಳನ್ನು ಕನ್ನಡಿಗರ ಮನೆಮನೆಗೂ ಕರೆದೊಯ್ದಿದ್ದ. ಅವಳು ತನ್ನ ಬದುಕು ಬೀದಿಗೆ ಬಿದ್ದ ಕತೆ ಹೇಳಬೇಕು, ಜನ ಬಿಸಿಬೇಳೆಬಾತು ತಿನ್ನುತ್ತ ಕಣ್ಣೊರೆಸಿಕೊಳ್ಳಬೇಕು, ಇವನು ಕೈಮುಗಿಯಬೇಕು. ಮಕ್ಕಳ ಕೇಂದ್ರಕ್ಕೆ ಯಾರೂ ಕೈಹಚ್ಚದಂತೆ ನೋಡಿಕೊಳ್ಳುತ್ತೇನೆಂದು ಪ್ರತಿ ಮನೆಯಲ್ಲೂ ಮಾತು ಕೊಟ್ಟಿದ್ದ. ಕೈ ಕೆಸರಾದದ್ದು ಇವಳದು, ಬಾಯಿ ಮೊಸರಾದದ್ದು ಅವನದು.

ಮೊನ್ನೆ ಅವನೇ ಫೋನು ಮಾಡಿ, ಮಂಡಳಿಯ ಮೀಟಿಂಗಿನಲ್ಲಿ ಕಷ್ಟಪಟ್ಟು ಓದುವ ತಾಯಿಯೆಂದು ನಿನಗೆ ಸನ್ಮಾನ, ಸೀರೆ ಉಟ್ಟು ಮಗುವನ್ನೂ ಕರೆದುಕೊಂಡು ಬಾ ಎಂದ. ನಿಸರ್ಗಾ ಹಿಗ್ಗಿಹೋದಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಧಾತ್ರಿಯನ್ನು ಕರೆದುಕೊಂಡು ಮೀಟಿಂಗಿಗೆ ಬಂದಳು.

ಸಭಾಂಗಣದ ಬಾಗಿಲಲ್ಲಿ ಅವಳ ಸಹಪಾಠಿ ಮರಿಬೆಲ್ ಮತ್ತಿತರ ತಾಯಂದಿರು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು, ರಟ್ಟಿನ ಬೋರ್ಡು ಹಿಡಿದು ನಿಂತಿದ್ದರು. ಕೇಂದ್ರವನ್ನು ಇವತ್ತೇ ಮುಚ್ಚುತ್ತಾರೆ, ನಿನಗೆ ಗೊತ್ತಿಲ್ಲವೇ ಎಂದು ಮರಿಬೆಲ್ ಕೇಳಿದಳು. ಸಣ್ಣಪುಟ್ಟ ವಿಷಯಗಳನ್ನೆಲ್ಲ ಗಂಟು ಕಟ್ಟಿ, ಚರ್ಚೆಯಿಲ್ಲದೆ ಒಂದೇ ಏಟಿಗೆ ಪಾಸು ಮಾಡುವ ಪದ್ಧತಿ ಅಲ್ಲಿತ್ತು. ಪ್ರಿಂಟರ್ ಖರೀದಿ, ಹುಲ್ಲು ಕತ್ತರಿಸುವ ಗುತ್ತಿಗೆ ಇವುಗಳ ನಡುವೆ ಮಕ್ಕಳ ಕೇಂದ್ರವನ್ನೂ ತುರುಕಿದ್ದರು. ಸದಸ್ಯರಲ್ಲಿ ಒಬ್ಬರೇ ಒಬ್ಬರು ಕೇಳಿದರೂ ಸಾಕು, ಅದನ್ನು ಗಂಟಿನಿಂದ ಬಿಚ್ಚಿ ಚರ್ಚೆಗಿಡಲೇಬೇಕು.

ನಿಸರ್ಗಾ ನೇರ ಸುಧನ್ವನ ಹತ್ತಿರ ಹೋದಳು.

"ಅಣ್ಣಾ, ನಮ್ ಸೆಂಟರನ್ನ ಆ ಗಂಟಿಂದ ಈಚೆಗೆ ತೆಗೀರಣ್ಣ. ನೀವೊಬ್ರು ಬಾಯಿಬಿಟ್ರೆ ಸಾಕಂತೆ."

"ನೋಡಮ್ಮಾ, ಬಜೆಟ್ಟು ಟೈಟಿದೆ. ಈಗ ಚೇರ್‌ಮನ್ನನ್ನ ಎದುರುಹಾಕ್ಕೊಂಡ್ರೆ ನಾಳೆ ನಾನು ಸ್ಟೇಟ್ ಅಸೆಂಬ್ಲಿಗೆ ನಿಲ್ಲಕ್ಕಾಗಲ್ಲ. ದೊಡ್ಡ ಜಾಗಕ್ಕೆ ಹೋದ್ರೆ ತಾನೇ ದೊಡ್ಡದಾಗಿ ಹೆಲ್ಪ್ ಮಾಡೋದು? ಈಗ ಸನ್ಮಾನ ಇದೆ, ಸ್ವಲ್ಪ ನಗ್ತಾ ಇರು."

ದಿನವಿಡೀ ಹೇಸಿಗೆ ಬಳಿಯುವ ಕೈ ಅವಳದು. ಇಂಥ ಹೇಸಿಗೆಯನ್ನು ಮಾತ್ರ ಅವಳು ಎಲ್ಲೂ ಕಂಡಿರಲಿಲ್ಲ.

ಹೆಸರು ಕರೆದರು. ಸುಧನ್ವ ಶಾಲು ಹೊದಿಸಿದ, ನಮ್ಮ ಕಾಲೇಜಿನ ಹೆಮ್ಮೆ ಎಂದ. ಚಪ್ಪಾಳೆ ಬಿತ್ತು. ವಂದನೆಯ ಎರಡು ಮಾತಾಡು ಎಂದು ಮೈಕು ಕೊಟ್ಟರು. ಸನ್ಮಾನ ಮಾಡಿಸಿಕೊಂಡವರು ಸನ್ಮಾನ ಮಾಡಿದವರನ್ನು ಬೈಯುವುದಿಲ್ಲ ಎಂಬ ಧೈರ್ಯ ಸುಧನ್ವನಿಗೆ.

ನಿಸರ್ಗಾ ತನ್ನ ಹರಕುಮುರುಕು ಇಂಗ್ಲಿಷಿನಲ್ಲೇ ಹೇಳಿದಳು. ಈ ಶಾಲು ಹೊದಿಸಿದವರು ಕೇಂದ್ರ ಉಳಿಸುತ್ತೇನೆಂದು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓಟು ಕೇಳಿದರು. ಈಗ ಅದನ್ನು ಹುಲ್ಲು ಕತ್ತರಿಸುವ ಲೆಕ್ಕಕ್ಕೆ ಸೇರಿಸಿದ್ದಾರೆ. ಅವರು ಬಾಯಿ ತೆರೆಯಲಿ, ನಾನು ಕಾಯುತ್ತೇನೆ.

ಸುಧನ್ವ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಫೋಟೋ ತೆಗೆದುಬಿಡೋಣ ಎಂದರು ಅಧ್ಯಕ್ಷರು. ಸದಸ್ಯರೆಲ್ಲ ಹಲ್ಲು ಬಿಟ್ಟುಕೊಂಡು ಎದ್ದು ಬಂದರು. ನಿಸರ್ಗಾ ಬಾಗಿಲ ಕಡೆ ಕೈಮಾಡಿ, ಗೆಳತಿಯರಿಲ್ಲದೆ ಫೋಟೋಗೆ ನಿಲ್ಲುವುದಿಲ್ಲ ಎಂದಳು. ಮರಿಬೆಲ್ ಮೊದಲು ಬಂದಳು. ಅವಳ ಹಿಂದೆ ಬೋರ್ಡುಗಳು, ಮಕ್ಕಳು, ಹಾಲಿನ ಬಾಟಲಿಗಳು ಎಲ್ಲ ವೇದಿಕೆ ಹತ್ತಿದವು. ಬೋರ್ಡು ಕಂಡದ್ದೇ ತಡ, ಸದಸ್ಯರು ಒಬ್ಬೊಬ್ಬರಾಗಿ ಜಾರಿ ತಮ್ಮ ಕುರ್ಚಿಗೆ ಮರಳಿದರು. ಎಲ್ಲರಿಗಿಂತ ಮೊದಲು ಜಾರಿದವನು ಸುಧನ್ವ.

ಅಧ್ಯಕ್ಷರು ತಾಯಂದಿರ ಬೆನ್ನ ಹಿಂದಿನಿಂದಲೇ ಮತಕ್ಕೆ ಹಾಕಿದರು. ಪ್ರಿಂಟರು, ಹುಲ್ಲು, ಮಕ್ಕಳು, ಎಲ್ಲದಕ್ಕೂ ಸೇರಿ ಒಪ್ಪಿಗೆಯ ಒಂದೇ "ಆಯ್". ಸುಧನ್ವನ ದನಿ ಸ್ಪಷ್ಟವಾಗಿ ಕೇಳಿಸಿತು. ಕೇಂದ್ರ ಮುಚ್ಚಿತು.

ತಾಯಂದಿರು ಯಾರೂ ವೇದಿಕೆಯಿಂದ ಇಳಿಯಲಿಲ್ಲ. ಧಾತ್ರಿ ನೆಲದ ಮೇಲೆ ಕೂತು ಬಣ್ಣದ ಪೆನ್ಸಿಲು ತೆಗೆದಳು. ಉಳಿದ ಮಕ್ಕಳೂ ಕೂತವು. ಇಳಿಯದಿದ್ದರೆ ಪೊಲೀಸರನ್ನು ಕರೆಸಬೇಕಾಗುತ್ತದೆ ಎಂದು ಅಧ್ಯಕ್ಷರು ಗದರಿದರು. ಸುಧನ್ವ ಬಗ್ಗಿ, ಹಲ್ಲು ಕಚ್ಚಿ ಪಿಸುಗುಟ್ಟಿದ: "ನಿಸರ್ಗಾ, ಮರ್ಯಾದೆಯಿಂದ ಕೆಳಗಿಳಿ."

"ಕರೆಸ್ರಣ್ಣಾ, ಬರ್ಲಿ," ಎಂದಳು ನಿಸರ್ಗಾ, ಮೈಕು ಕೆಳಗಿಡದೆ. "ಸೆಂಟರಿಗೆ ಬೀಗ ಹಾಕಿದ್ರಲ್ಲ, ನಮ್ ಮಕ್ಳು ಇನ್ನೆಲ್ಲಿರ್ಬೇಕು? ನಾಳೆಯಿಂದ ಸಂಜೆ ಇಲ್ಲೇ ಬಿಟ್ಟು ಕ್ಲಾಸಿಗೆ ಹೋಗ್ತೀವಿ. ನೀವೇ ನೋಡ್ಕೊಳ್ಳಿ."