ಸವತಿ ಕೆದಕಿದ ಮಚ್ಚೆ

ಆ ಕೋತಿಯನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ. ಮತ್ತೇನು? ನಮ್ಮ ಯಜಮಾನರಿಗೆ ಪ್ರಯೋಗಾಲಯದಲ್ಲಿ ಕೋತಿಗಳನ್ನು ನೋಡಿಕೊಳ್ಳುವ ಕೆಲಸ. ಮನೆಗೆ ಬಂದರೂ ಬಾಯಲ್ಲಿ ಆ ಒಬ್ಬಳದೇ ಜಪ. "ಇವತ್ತು ಸೇಬಿನ ಚಿತ್ರ ಕೊಟ್ರೆ ನೆಕ್ಕಲಿಲ್ಲ ಕಣೇ! ಬರೀ ಚಿತ್ರ ಅಂತ ಗೊತ್ತಾಗ್ಹೋಗಿದೆ!" ತಾವು ಉಣ್ಣುತ್ತಿರುವುದು ಏನೆಂದು ಮಾತ್ರ ಇವರಿಗೆ ಗೊತ್ತಾಗುತ್ತಿರಲಿಲ್ಲ.

ಅವಳಿಗೆ ಕಲಿಸಿದ್ದು ಇಷ್ಟೇ: ತಿನ್ನುವ ವಸ್ತುವಿನ ಚಿತ್ರ ಕೊಟ್ಟರೆ ಕೆಂಪು ತಟ್ಟೆಗೆ ಹಾಕಬೇಕು, ತಿನ್ನಲಾಗದ್ದನ್ನು ನೀಲಿ ತಟ್ಟೆಗೆ. ಹೊಸ ಚಿತ್ರ ಕೊಟ್ಟರೂ ತಪ್ಪುತ್ತಿರಲಿಲ್ಲ.

ನಿವೃತ್ತಿ ಹತ್ತಿರವಾದಂತೆ ಇವರಿಗೆ ಒಂದೇ ಕೊರಗು ಹತ್ತಿತು. "ಹೋದ್ಮೇಲೆ ಅವಳಿಗೆ ನನ್ನ ಗುರುತು ಇರುತ್ತೇನೇ? ಇಲ್ಲಾ, ನಾನು ಬರೀ ಹಣ್ಣು ತರೋ ಕೈಯಾ?" ಊಟ ಸೇರದು, ನಿದ್ದೆ ಬಾರದು. ಮದುವೆಯಾದಾಗಿನಿಂದ ನನ್ನ ಬಗ್ಗೆ ಇಂಥ ಚಿಂತೆ ಮಾಡಿದ್ದನ್ನು ನಾನಂತೂ ಕಾಣೆ. ಮೈಯೆಲ್ಲ ಉರಿಯಿತು. ಆದರೂ ಆ ಮುಖ ನೋಡಲಾಗದೆ ನಾನೇ ಅಂದೆ, "ನಿಮ್ಮ ಫೋಟೋ ಕೊಟ್ಟು ನೋಡ್ರೀ. ಆಗಿದ್ದಾಗ್ಲಿ."

ಕೊನೆಯ ದಿನ ನನ್ನನ್ನೂ ಕರೆದುಕೊಂಡು ಹೋದರು. ಎದುರಿಗಿದ್ದರೆ ಪರೀಕ್ಷೆ ಕೆಡುತ್ತದೆಂದು, ಪ್ರಯೋಗ ನಡೆಸುವ ಡಾಕ್ಟರಮ್ಮ ನಮ್ಮಿಬ್ಬರನ್ನೂ ಗಾಜಿನ ಕಿಟಕಿಯಾಚೆ ನಿಲ್ಲಿಸಿದರು. ಬಾಳೆಹಣ್ಣು ಕೆಂಪು ತಟ್ಟೆಗೆ ಹೋಯಿತು, ಪೊರಕೆ ನೀಲಿಗೆ. ಆಮೇಲೆ ನನ್ನ ಫೋಟೋ. ಅದನ್ನು ಹಿಂದೆಮುಂದೆ ನೋಡದೆ ಪೊರಕೆಯ ಮೇಲೆ ಎಸೆದಳು, ಮುಂಡೇದು! ಇವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇವರ ಫೋಟೋ ಕೊಟ್ಟರು. ನಗು ನಿಂತಿತು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅವಳು ಅದನ್ನು ಯಾವ ತಟ್ಟೆಗೂ ಹಾಕಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಇವರ ಕೆನ್ನೆಯ ಮಚ್ಚೆಯನ್ನು ಉಗುರಿನಿಂದ ಮೆಲ್ಲಗೆ ಕೆದಕತೊಡಗಿದಳು. ದಿನಾ ಸಂಜೆ ಬೀಗ ಹಾಕುವ ಮುನ್ನ ಇವರು ಕಂಬಿಗೆ ಕೆನ್ನೆ ಕೊಟ್ಟು ನಿಲ್ಲುತ್ತಿದ್ದರಂತೆ. ಅವಳು ಹೇನು ಹೆಕ್ಕುವವಳ ಹಾಗೆ ಆ ಮಚ್ಚೆ ಕೆದಕುತ್ತಿದ್ದಳಂತೆ. ಅಲ್ಲಿಯವರೆಗೂ ನನಗೆ ಹೇಳಿರಲಿಲ್ಲ, ಎಂಥ ಕಳ್ಳರು ನೋಡಿ!

"ನೋಡಿದ್ಯೇನೇ?" ಎಂದರು. ಕಣ್ಣೊರೆಸಿಕೊಂಡರು. ನಾನೂ ಅತ್ತುಬಿಟ್ಟೆ.

ಇವರು ತೀರಿಕೊಂಡು ವರ್ಷಗಳಾದವು. ಅದೇ ಫೋಟೋ ಗೋಡೆಯ ಮೇಲಿದೆ. ಮಚ್ಚೆಯ ಜಾಗದಲ್ಲಿ ಬಣ್ಣ ಕಿತ್ತು ಬೆಳ್ಳಗಾಗಿದೆ. ಮೊನ್ನೆ ಮಗಳು, "ಅಮ್ಮಾ, ಇದರದ್ದೇ ಇನ್ನೊಂದು ಪ್ರತಿ ಇದ್ಯಲ್ಲ, ಚೆನ್ನಾಗಿರೋದನ್ನ ಹಾಕೋಣ" ಎಂದಳು.

"ಮುಟ್ಟಿದ್ರೆ ನೋಡು!" ಎಂದೆ.

ಅದಕ್ಕೆ ನಾನು ಗಾಜು ಹಾಕಿಸಿಲ್ಲ. ಧೂಳು ಒರೆಸುವಾಗ, ಸವತಿಯ ಉಗುರು ಆಡಿದ ಕಡೆಯೇ ನನ್ನ ಬೆರಳೂ ಹೋಗಿ ನಿಲ್ಲುತ್ತದೆ.