ಬಲಗಡೆಯ ನಾಲ್ಕು ಚುಕ್ಕೆ

ಮುಂದಿನ ಬಸ್ಸಿನ ಬೆನ್ನಿನ ಧೂಳಿನಲ್ಲಿ ಯಾರೋ ಬೆರಳಲ್ಲಿ ಬರೆದ ಹೆಸರು ಅರ್ಧಕ್ಕೆ ನಿಂತಿದೆ, ಅದರ ಕೆಳಗೆ ಬೋಲ್ಟಿನ ತಲೆಗಳು, ನಾಲ್ಕು — ನಾನೂ ಬಲಗಡೆಯ ಬ್ರಾಕೆಟ್ಟಿಗೆ ನಾಲ್ಕೇ ಚುಕ್ಕೆ ವೆಲ್ಡಿಂಗ್ ಹಾಕಿದ್ದೆ, ಮೂಲೆಗೊಂದು, ಹುಣಸೆಬೀಜದಷ್ಟು, ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಹಿಡಿದೆನಾ? ಹಿಡಿಯಲಿಲ್ಲ. ಹಿಡಿದಿದ್ದರೆ ವೆಲ್ಡಿಂಗ್ ರಾಡುಗಳು ಉರಿದು ಮೋಟಾಗಿರುತ್ತಿದ್ದವು, ಬಲಗಡೆಗೆಂದು ಎತ್ತಿಟ್ಟವು ಗ್ಯಾರೇಜಿನ ನೆಲದ ಮೇಲೆ ಇಡಿಯಾಗಿ ಬಿದ್ದಿದ್ದವು, ಚಿಕ್ಕವೆಂಕಟಪ್ಪನವರ ಪಿಕಪ್ ಹೊರಟುಹೋದ ಮೇಲೆ ಟೀ ಲೋಟ ಇಡಲು ಬಗ್ಗಿದಾಗ ಕಂಡವು. ಈಗ ನಾಜಿಶನ ಸ್ಕೂಟರಿನ ಹಿಂದೆ ಕೂತು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ, ಎಡಕ್ಕೆ ಆಟೊ, ಬಲಕ್ಕೆ ಕ್ಯಾಬು, ಅವರಿಗೆ ಫೋನ್ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಎತ್ತುವುದಿಲ್ಲ. ಸ್ಟೀರಿಂಗ್ ಹಿಡಿದ ಮೇಲೆ ಫೋನ್ ಮುಟ್ಟಿದೋನಲ್ಲ ಕಣೋ ನಾನು, ಎಷ್ಟು ಸಲ ಹೇಳಿದ್ದಾರೆ, ಇಡೀ ಮಹದೇವಪುರದಲ್ಲಿ ಇಂಥ ಒಳ್ಳೆಯ ಅಭ್ಯಾಸ ಇರುವುದು ಒಬ್ಬರಿಗೆ, ಆ ಒಬ್ಬರೇ ನನ್ನ ಗಿರಾಕಿ. ಇನ್ನೂ ಸ್ವಲ್ಪ ನುಗ್ಗಿಸು ನಾಜಿಶ್. ಎಲ್ಲಿಗೆ ಭಾಯ್, ಬಸ್ ಒಳಗೇ ನುಗ್ಗಿಸ್ಲಾ, ಟಿಕೆಟ್ ನೀನೇ ತಗೋಬೇಕು.

ಇವನಿಗೆ ತಮಾಷೆ. ಬಣ್ಣ ಹೊಡೆದವನು ಇವನೇ, ನಿಂತ ಕಬ್ಬಿಣ ಕಂಡರೆ ಬ್ರಶ್ ಎತ್ತುತ್ತಾನೆ, ಎರಡೂ ಕಡೆ ಒಂದೇ ಕಪ್ಪು, ಪೂರ್ತಿ ವೆಲ್ಡ್ ಆದ ಎಡಕ್ಕೂ ಬರೀ ಚುಕ್ಕೆ ಇದ್ದ ಬಲಕ್ಕೂ. ಬಣ್ಣ ಬಿದ್ದರೆ ಕೆಲಸ ಮುಗಿಯಿತೆಂದೇ ಲೆಕ್ಕ, ನಮ್ಮ ಗ್ಯಾರೇಜಿನ ರೂಢಿ, ನಾನೂ ಬಗ್ಗಿ ನೋಡಿದೆ, ಎರಡೂ ಹೊಳೆಯುತ್ತಿದ್ದವು, ಮುಗಿಯಿತು ಅಂದುಕೊಂಡೆ. ಆದರೆ ಈ ಕೆಲಸದಲ್ಲಿ ಆ ಒಂದು ಬ್ರಾಕೆಟ್ಟೇ ಎಲ್ಲ. ಮೊದಲು ಗಾಡಿಯ ಮುಂಭಾರವನ್ನು ಹೊತ್ತಿದ್ದದ್ದು ಚಾಸಿಯ ಉದ್ದಕ್ಕೂ ಮಲಗಿದ್ದ ಎರಡು ಕಬ್ಬಿಣದ ಸರಳು, ತಿರುಚಿಕೊಂಡು ಹೊರುತ್ತಿದ್ದವು, ಶಾಕ್ ಅಬ್ಸಾರ್ಬರ್ ಬರೀ ಕುಣಿತ ತಡೆಯುತ್ತಿತ್ತು, ಅದರ ಮೇಲಿನ ಬ್ರಾಕೆಟ್ಟಿಗೆ ಭಾರ ಅಂದರೇನೆಂದೇ ಗೊತ್ತಿರಲಿಲ್ಲ. ಕಾಯಿಲೋವರ್ ಅಂದರೆ ಶಾಕಿನ ಸುತ್ತಲೇ ಸ್ಪ್ರಿಂಗು, ಸರಳು ತೆಗೆದು ಅದನ್ನು ಕೂರಿಸಿದೊಡನೆ ಭಾರವೆಲ್ಲ ಆ ಬ್ರಾಕೆಟ್ಟಿಗೆ, ಒಂದೊಂದು ಕಡೆ ನಾನೂರು ಕೆಜಿಗೆ ಕಡಿಮೆಯಿಲ್ಲ, ಹಂಪ್ ಹಾರಿದರೆ ಅದರ ಎರಡರಷ್ಟು. ಅದಕ್ಕೇ ದಪ್ಪ ಪ್ಲೇಟಿನಲ್ಲಿ ಹೊಸದಾಗಿ ಮಾಡಿದ್ದು. ಚುಕ್ಕೆ ಹಾಕು, ಸ್ಪ್ರಿಂಗ್ ಕೂರಿಸಿ ನೋಡು, ಬಿಚ್ಚು, ಸುತ್ತಲೂ ವೆಲ್ಡ್ ಮಾಡು — ಎಡಗಡೆ ಹಾಗೇ ಮಾಡಿದೆ, ಬಲಗಡೆ ಕೂರಿಸಿ ನೋಡಿದ್ದಷ್ಟೇ. ಬಲಗಡೆ ಅಂದರೆ ಡ್ರೈವರನ ಕಾಲ ಕೆಳಗೆ. ಚಿಕ್ಕವೆಂಕಟಪ್ಪನವರ ಪಕ್ಕದಲ್ಲಿ ಅವರ ತಾಯಿ ದೊಡ್ಡಮುನಿಯಮ್ಮ, ಮಡಿಲಲ್ಲಿ ಪೂಜೆ ತಟ್ಟೆ. ಬೈಯಪ್ಪನಹಳ್ಳಿ ದಾಟಿತು, ಹಂಪ್ ಬಂತು, ಸ್ಕೂಟರ್ ಎತ್ತಿಹಾಕಿತು, ನನ್ನ ಹಲ್ಲು ಕಚ್ಚಿಕೊಂಡಿತು, ಅವರೂ ಇದನ್ನೇ ಹಾರಿದ್ದಾರೆ.

ಕರೆಂಟ್ ಬರುವ ಹೊತ್ತಿಗೆ ಅವರು ಹೂವಿನ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು, ಶುಕ್ರವಾರ, ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹಲಸೂರಿನ ದೇವಸ್ಥಾನದಲ್ಲಿ ಪೂಜೆ ಮುಗಿಸ್ಬೇಕು, ಬೇಗ ಬೇಗ ಭೀಮು. ನಮ್ಮಪ್ಪ ಚಂದ್ರಾಮಪ್ಪ ಬೌದ್ಧನಾದ ದಿನ ಪಂಚಾಂಗವನ್ನು ಗೋಡೆಯಿಂದ ಇಳಿಸಿ ಒಲೆಗೆ ಹಾಕಿದ, ರಾಹುಕಾಲ ಗ್ವಾಡಿ ಮ್ಯಾಲ ಇರಂಗಿಲ್ಲೋ ತಮ್ಮಾ, ತಲ್ಯಾಗ ಇರ್ತದ ಅಂದ, ಕಲಬುರಗಿ ಕಡೆಯ ಆ ಮನೆಯಲ್ಲಿ ಹುಟ್ಟಿದ ನಾನು ಕೆ.ಆರ್. ಪುರದ ಗ್ಯಾರೇಜಿನಲ್ಲಿ ಇನ್ನೊಬ್ಬರ ರಾಹುಕಾಲಕ್ಕೆ ಹೆದರಿ ಓಡಾಡಿದೆ, ನಂಬುವವನಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ, ನಂಬದವನೇ ಬೇಕೆಂದು ತಡ ಮಾಡಿದ ಅನ್ನಿಸಿಕೊಳ್ಳಬಾರದಲ್ಲ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನೂ ನಾನೇ. ಸಿಗ್ನಲ್. ಇಂದಿರಾನಗರದ ಸಿಗ್ನಲ್ಲು, ಇದೂ ಕೆಂಪು. ಭಾಯ್, ಬಿದ್ದಿದ್ರೆ ಇಷ್ಟೊತ್ತಿಗೆ ದಾರೀಲೇ ಸಿಗ್ತಿತ್ತು, ನಾಜಿಶ್ ಅನ್ನುತ್ತಾನೆ, ಸಮಾಧಾನಕ್ಕೇ ಅನ್ನುತ್ತಾನೆ, ದಾರಿಯ ಬದಿ ನಿಂತ ಪ್ರತಿ ಬಿಳಿ ಗಾಡಿಯನ್ನೂ ಗ್ಯಾರೇಜಿನಿಂದಲೂ ನೋಡುತ್ತಾ ಬಂದಿದ್ದೇನೆ, ಬಲಗಡೆ ಕುಸಿದಿದೆಯಾ, ಟೈರು ಮಡ್‌ಗಾರ್ಡಿಗೆ ತಾಗಿದೆಯಾ, ಕಣ್ಣು ಮುಚ್ಚಿದರೆ ಕಪ್ಪು ಪ್ಲೇಟಿನ ನಾಲ್ಕು ಮೂಲೆಯ ನಾಲ್ಕು ಚುಕ್ಕೆ.

ಹಲಸೂರು. ದೇವಸ್ಥಾನದ ಬೀದಿ, ಪಿಕಪ್ ನಿಂತಿದೆ, ನೆಟ್ಟಗೆ ನಿಂತಿದೆ, ಎಲ್ಲೂ ವಾಲಿಲ್ಲ, ಹಾರ ಕೂಡ ಜಾರಿಲ್ಲ. ಪೂಜೆ ಮುಗಿದಿದೆ, ತಾಯಿ ಮಗ ಇಬ್ಬರೂ ಗಾಡಿಯೊಳಗೆ ಕೂತಿದ್ದಾರೆ. ಇದೇನ್ ಭೀಮು, ಬುದ್ಧನ್ನ ಬಿಟ್ಟು ನಮ್ ದೇವರ ಹತ್ರ ಬಂದ್ಬಿಟ್ಟೆ. ಗಾಡಿ ತೆಗೀಬ್ಯಾಡ್ರಿ ಅಣ್ಣ, ಬಲಗಡೆ ವೆಲ್ಡಿಂಗ್ ಪೂರಾ ಆಗಿಲ್ರಿ, ತಪ್ಪು ನಂದೇ. ಏ, ಬೆಣ್ಣೆ ಥರಾ ಬಂತು ಗುರು, ಹಂಪೇ ಗೊತ್ತಾಗ್ಲಿಲ್ಲ. ಕಿಟಕಿಯಿಂದ ದೊಡ್ಡಮುನಿಯಮ್ಮ, ಅದೇನಿದ್ರೂ ಮನೆಗ್ ಬಂದು ನೋಡ್ಲಿ, ಹೊತ್ತು ಮೀರೋಯ್ತದೆ, ತೆಗಿ ಮಗಾ. ಅವರು ಕೀ ತಿರುಗಿಸಿದರು. ಹೇಳಿ ಒಪ್ಪಿಸಲು ಇನ್ನು ಪುರುಸೊತ್ತಿಲ್ಲ, ಬೀದಿಯ ಮೇಲೆ ಅಂಗಾತ ಮಲಗಿ ಬಲಚಕ್ರದ ಹಿಂದಿನಿಂದ ಒಳಕ್ಕೆ ಜಾರಿದೆ, ಅಂಗಿಗೆ ಕುಂಕುಮದ ನೀರು, ನಾಜಿಶ್ ಬಾನೆಟ್ಟಿಗೆ ಬಡಿದು ಕೂಗುತ್ತಿದ್ದಾನೆ, ಕೆಳಗೆ ಆದ್ಮಿ ಇದಾನೆ ಸಾಬ್, ಬಂದ್ ಮಾಡಿ. ಎಂಜಿನ್ ನಡುಗಿ ನಿಂತಿತು. ಈಚೆ ಬಾರೋ ಭೀಮು, ಏನ್ ಹುಚ್ಚಾಟ ಇದು, ರಾಹುಕಾಲ ಕಳೆಯೋವರ್ಗೂ ಒಂದೂವರೆ ಗಂಟೆ ಇಲ್ಲೇ ಕೂರಿಸ್ತೀಯಾ ನಮ್ಮನ್ನ. ಕೂರಿಸುತ್ತೇನೆ, ಬೈಯಲಿ, ಗಿರಾಕಿ ಹೋಗಲಿ, ನಾನು ಇಲ್ಲಿರುವವರೆಗೆ ಗಾಡಿ ಕದಲುವುದಿಲ್ಲ. ಉಗುರಲ್ಲಿ ಕೆರೆದರೆ ಬಣ್ಣ ಇನ್ನೂ ಹಸಿ, ಬೆರಳಿಗೆ ಹತ್ತುತ್ತದೆ, ಮೊದಲನೆಯದು ಗಟ್ಟಿ, ಎರಡನೆಯದು ಗಟ್ಟಿ, ಮೂರನೆಯದು ಕಾಣುತ್ತಿಲ್ಲ, ಮೊಬೈಲಿನ ಟಾರ್ಚ್ — ಮೂರನೆಯದೂ ಇದೆ, ನಾಲ್ಕನೆಯದು, ಅವರ ಕಾಲಿನ ಕೆಳಗಿನ ಆ ಮೂಲೆ, ಹುಣಸೆಬೀಜ ಎರಡಾಗಿದೆ, ನಡುವೆ ಬೆಳ್ಳಗೆ, ಬಣ್ಣ ತಾಗದ ಹೊಸ ಕಬ್ಬಿಣದ ಗೆರೆ, ಕೂದಲೆಳೆಯಷ್ಟು, ಮೂರು ಚುಕ್ಕೆ ಮತ್ತು ಆ ಗೆರೆ, ಮೂರು ಚುಕ್ಕೆ, ಆ ಗೆರೆ